ಕಾಂಬಿನೇಷನ್ ಹೆಸರು ಬಿಡಿ, ಲ್ಯಾಬ್ ನೋಡಿ ಬನ್ನಿ

(ಹುಣಸೂರಿನಲ್ಲಿ ದ್ವಿತೀಯ ಪಿಯುಸಿ ಮುಗಿಸಿದ ಮಕ್ಕಳು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತು. ಹೇಳಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಇಲ್ಲಿಗೆ ಯಾರನ್ನೂ ಸಮಾಧಾನ ಮಾಡಲು ಬಂದಿಲ್ಲ. ಬಯಾಲಜಿ ಬಿಎಸ್ಸಿ ಅಂದ ತಕ್ಷಣ ಮನೆಗಳಲ್ಲಿ ಒಂದು ಥರ ಸಾವಿನ ಮನೆಯ ಮೌನ ಕವಿಯುತ್ತದೆ. "ಏನು ಮಾಡೋದು, ನೀಟ್‌ನಲ್ಲಿ ಆಗಲಿಲ್ಲ, ಅದಕ್ಕೇ ಬಿಎಸ್ಸಿಗೆ ಹಾಕ್ತಿದೀವಿ" ಅಂತ ನೆಂಟರಿಗೆ ಹೇಳುವಾಗ ಮಗು ಪಕ್ಕದಲ್ಲೇ ನಿಂತಿರುತ್ತದೆ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಜಾಸ್ತಿ. ದೇಶದಲ್ಲಿ ಎಂಬಿಬಿಎಸ್ ಸೀಟು ಇರುವುದು ಒಂದು ಲಕ್ಷ ಚಿಲ್ಲರೆ. ಇಷ್ಟು ಗೊತ್ತಿದ್ದ ಮೇಲೆ ಸೀಟು ಸಿಗದವರನ್ನೆಲ್ಲ ಸೋತವರು ಅಂತ ಕರೆಯುವುದು ಲೆಕ್ಕ ಬಾರದವರ ಮಾತು. ಅಲ್ಲಿಗೆ ಆ ವಿಷಯ ಮುಗಿಯಿತು, ಇನ್ನು ಬಿಎಸ್ಸಿಗೆ ಬರೋಣ.

ನೀವೆಲ್ಲ "ಮೈಸೂರು ಯೂನಿವರ್ಸಿಟೀಲಿ ಬಿಎಸ್ಸಿ" ಅನ್ನುತ್ತೀರಿ. ಅದರ ಅರ್ಥ ಏನು ಅಂತ ಒಮ್ಮೆ ಬಿಡಿಸಿ ನೋಡಬೇಕು. ಮೈಸೂರು ವಿಶ್ವವಿದ್ಯಾನಿಲಯ ಶುರುವಾಗಿದ್ದು 1916ರಲ್ಲಿ. ಮಾನಸಗಂಗೋತ್ರಿ ಬಂದದ್ದು 1960ರಲ್ಲಿ, ಅದು ಮುಖ್ಯವಾಗಿ ಎಂಎಸ್ಸಿ ಮತ್ತು ಪಿಎಚ್‌ಡಿಯವರ ಜಾಗ. ಡಿಗ್ರಿ ಮಕ್ಕಳು ಓದುವುದು ಕಾಲೇಜುಗಳಲ್ಲಿ. 1928ರಲ್ಲಿ ಶುರುವಾದ ಯುವರಾಜ ಕಾಲೇಜು ವಿಶ್ವವಿದ್ಯಾನಿಲಯದ್ದೇ ಕಾಲೇಜು, ಸೈನ್ಸ್‌ಗೆ ಹೆಸರಾದದ್ದು. ಉಳಿದಂತೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು, ಅನುದಾನಿತ ಕಾಲೇಜುಗಳು, ಖಾಸಗಿ ಕಾಲೇಜುಗಳು ಇವೆ. ವಿಶ್ವವಿದ್ಯಾನಿಲಯ ಸಿಲಬಸ್ ಮಾಡುತ್ತದೆ, ಪರೀಕ್ಷೆ ನಡೆಸುತ್ತದೆ, ಸರ್ಟಿಫಿಕೇಟ್ ಕೊಡುತ್ತದೆ. ಪಾಠ ಮಾಡುವುದು, ಲ್ಯಾಬ್ ಇಡುವುದು, ಫೀಲ್ಡಿಗೆ ಕರೆದುಕೊಂಡು ಹೋಗುವುದು ಕಾಲೇಜು. ಹಾಗಾಗಿ ಒಂದೇ ಸಿಲಬಸ್, ಒಂದೇ ಪ್ರಶ್ನೆಪತ್ರಿಕೆ, ಒಂದೇ ಥರದ ಮಾರ್ಕ್ಸ್ ಕಾರ್ಡ್ ಇದ್ದರೂ ಎರಡು ಕಾಲೇಜಿನ ಮಕ್ಕಳು ಎರಡು ಬೇರೆ ಓದು ಓದಿ ಹೊರಗೆ ಬರುತ್ತಾರೆ. ಸ್ವಾಯತ್ತ ಕಾಲೇಜಾದರೆ ಸಿಲಬಸ್ಸೂ ಪರೀಕ್ಷೆಯೂ ಅವರದ್ದೇ, ಅದು ಇನ್ನೊಂದು ಕಥೆ.

ಈಗ ಕಾಂಬಿನೇಷನ್. ಹಳೆಯದು, ನಿಮ್ಮ ಅಪ್ಪ ಅಮ್ಮಂದಿರಿಗೂ ಗೊತ್ತಿರುವುದು ಸಿಬಿಝಡ್. ಕೆಮಿಸ್ಟ್ರಿ, ಬಾಟನಿ, ಝೂಆಲಜಿ. ಆಮೇಲೆ ಬಾಟನಿಯನ್ನೋ ಝೂಆಲಜಿಯನ್ನೋ ತೆಗೆದು ಅಲ್ಲಿ ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ, ಜೆನೆಟಿಕ್ಸ್, ರೇಷ್ಮೆ ಕೃಷಿ, ಪರಿಸರ ವಿಜ್ಞಾನ ಇಟ್ಟರು. ಅಡ್ಮಿಷನ್ ಸಮಯದಲ್ಲಿ ಕೌಂಟರಿನ ಮುಂದೆ ನಿಂತು ಮಕ್ಕಳು ಕೇಳುವ ಪ್ರಶ್ನೆ ಒಂದೇ. "ಸಾರ್, ಯಾವುದಕ್ಕೆ ಸ್ಕೋಪ್ ಜಾಸ್ತಿ?" ಬಯೋಟೆಕ್ ಅಂದರೆ ಮುಖ ಅರಳುತ್ತದೆ, ಬಾಟನಿ ಅಂದರೆ ಬಾಡುತ್ತದೆ. ಬಾಟನಿ ಮೇಷ್ಟ್ರಾಗಿ ಈ ಮುಖಗಳನ್ನು ಜೂನ್ ಜುಲೈನಲ್ಲಿ ನೋಡಿ ನೋಡಿ ನನಗೆ ಅಭ್ಯಾಸ ಆಗಿಹೋಗಿದೆ.

ಮಧ್ಯದಲ್ಲಿ ಒಂದು ಗಡಿಬಿಡಿ ನಡೆಯಿತು, ಅದನ್ನೂ ಹೇಳಬೇಕು. 2021-22ರಲ್ಲಿ ನಮ್ಮ ರಾಜ್ಯ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಎಲ್ಲರಿಗಿಂತ ಮೊದಲು ತಂದಿತು. ಮೂರು ಮುಖ್ಯ ವಿಷಯ ಹೋಗಿ ಎರಡಾಯಿತು, ಜೊತೆಗೆ ಓಪನ್ ಎಲೆಕ್ಟಿವ್, ಡಿಜಿಟಲ್ ಫ್ಲೂಯೆನ್ಸಿ, ಅದು ಇದು, ಮೇಲೆ ಬೇಕಿದ್ದರೆ ನಾಲ್ಕನೇ ವರ್ಷ. 2024-25ರಿಂದ ರಾಜ್ಯ ಸರ್ಕಾರ ಅದನ್ನು ಬಿಟ್ಟು ಮತ್ತೆ ಮೂರು ವರ್ಷಕ್ಕೆ, ಮೂರು ವಿಷಯಕ್ಕೆ ಬಂದಿತು. ನಡುವೆ ಸಿಕ್ಕಿಕೊಂಡ ಮೂರು ಬ್ಯಾಚಿನ ಮಕ್ಕಳು ಬಾಟನಿ-ಝೂಆಲಜಿ ತಗೊಂಡು ಕೆಮಿಸ್ಟ್ರಿ ಬಿಟ್ಟಿದ್ದೆ, ಈಗ ಎಂಎಸ್ಸಿಗೆ ಏನು ಮಾಡಲಿ ಅಂತ ಕೇಳಿಕೊಂಡು ಬರುತ್ತಿದ್ದರು. ನೀತಿ ಮಾಡುವವರ ಜಗಳ ನೀತಿ ಮಾಡುವವರಿಗೆ ಬಿಡೋಣ. ನೀವು ಈಗ ಸೇರಿದರೆ ಮೂರು ವರ್ಷ, ಆರು ಸೆಮಿಸ್ಟರ್. ಕೆಮಿಸ್ಟ್ರಿಯನ್ನು ಮಾತ್ರ ಕೈಬಿಡಬೇಡಿ. ಜೀವಕೋಶದ ಒಳಗೆ ನಡೆಯುವುದೆಲ್ಲ ಕೆಮಿಸ್ಟ್ರಿಯೇ.

ಸಿಲಬಸ್‌ನಲ್ಲಿ ಏನಿರುತ್ತದೆ? ಹೆಚ್ಚು ಕಡಿಮೆ ಎಲ್ಲ ವಿಶ್ವವಿದ್ಯಾನಿಲಯದಲ್ಲೂ ಒಂದೇ ಗಾಡಿ ಒಂದೇ ರಸ್ತೆ. ಬಾಟನಿಯಲ್ಲಿ ಪಾಚಿ, ಶಿಲೀಂಧ್ರ, ಹಾವಸೆ, ಜರಿಗಿಡ, ಆಮೇಲೆ ಹೂಬಿಡುವ ಗಿಡಗಳ ಕುಟುಂಬಗಳು, ಗಿಡದ ಒಳರಚನೆ. ಝೂಆಲಜಿಯಲ್ಲಿ ಬೆನ್ನುಮೂಳೆ ಇಲ್ಲದವು ಮೊದಲು, ಇರುವವು ಆಮೇಲೆ. ಮುಂದಿನ ಸೆಮಿಸ್ಟರ್‌ಗಳಲ್ಲಿ ಜೀವಕೋಶ, ಅನುವಂಶಿಕತೆ, ಶರೀರಕ್ರಿಯೆ, ಪರಿಸರ, ವಿಕಾಸ, ಕೊನೆಗೆ ಸ್ವಲ್ಪ ಬಯೋಟೆಕ್. ಇದನ್ನು ನೋಟ್ಸ್‌ನಿಂದಲೂ ಓದಬಹುದು, ಮೊಬೈಲಿನಲ್ಲೂ ಓದಬಹುದು. ಥಿಯರಿಗಾಗಿ ಕಾಲೇಜು ಆರಿಸುವ ಕಾಲ ಹೋಯಿತು ಅಂತ ನನ್ನ ಲೆಕ್ಕ. ಮನೆಯಲ್ಲಿ ಕೂತು ಆಗದೇ ಇರುವುದು ಲ್ಯಾಬ್ ಮಾತ್ರ.

ಲ್ಯಾಬ್ ಅಂದರೆ ನಿಮ್ಮ ತಲೆಯಲ್ಲಿ ಏನು ಬರುತ್ತದೆ ಅಂತ ನನಗೆ ಗೊತ್ತು. ಗಾಜಿನ ಜಾಡಿಯಲ್ಲಿ ಫಾರ್ಮಲಿನ್‌ನಲ್ಲಿ ಮುಳುಗಿ ಬಣ್ಣ ಕಳೆದುಕೊಂಡ ಹಾವು, ಮುಂದೆ ಒಂದು ನಂಬರ್ ಚೀಟಿ. ಅದು ಸ್ಪಾಟರ್ಸ್. ಗುರುತಿಸಿ, ಹೆಸರು ಬರೆದು, ಎರಡು ಲಕ್ಷಣ ಬರೆದು ಮುಂದಿನ ಟೇಬಲ್‌ಗೆ ಹೋಗುವುದು. ಅದೂ ಇರಲಿ, ಬೇಡ ಅನ್ನಲ್ಲ. ಆದರೆ ನಾನು ಹೇಳುತ್ತಿರುವುದು ಬೇರೆ. ನಿಮಗೊಂದು ನೊಣದ ಕಥೆ ಹೇಳುತ್ತೇನೆ, ಸ್ವಲ್ಪ ಉದ್ದ ಇದೆ.

ಬಾಳೆಹಣ್ಣು ಕಳಿತರೆ ಸುತ್ತ ಹಾರಾಡುತ್ತದಲ್ಲ ಸಣ್ಣ ನೊಣ, ಡ್ರೊಸೊಫಿಲಾ. ಇದರ ಮೇಲೆ ಮೈಸೂರಿನಲ್ಲಿ ದಶಕಗಳಿಂದ ಕೆಲಸ ನಡೆದಿದೆ. ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಬಗೆಬಗೆಯ ಡ್ರೊಸೊಫಿಲಾಗಳನ್ನು ಸಾಕಿ ಇಟ್ಟಿರುವ ಸ್ಟಾಕ್ ಸೆಂಟರ್ ಇದೆ. ಎಂ. ಆರ್. ರಾಜಶೇಖರಶೆಟ್ಟರು, ಎನ್. ಬಿ. ಕೃಷ್ಣಮೂರ್ತಿ, ಎಚ್. ಎ. ರಂಗನಾಥ್ ಇವರೆಲ್ಲ ಬೆಳೆಸಿದ ಪರಂಪರೆ ಅದು. ಈ ನೊಣಕ್ಕೆ ಅಲ್ಲಿ ಹಾಕುವ ಊಟ ಏನು ಗೊತ್ತಾ? ರವೆ ಮತ್ತು ಬೆಲ್ಲ! ಒಂದು ಲೀಟರ್ ನೀರಿಗೆ 100 ಗ್ರಾಂ ರವೆ, 100 ಗ್ರಾಂ ಬೆಲ್ಲ, ಗಟ್ಟಿಯಾಗಲು 10 ಗ್ರಾಂ ಅಗರ್, ಬೂಷ್ಟು ಹಿಡಿಯದಿರಲು ಏಳೂವರೆ ಎಂಎಲ್ ಪ್ರೊಪಿಯಾನಿಕ್ ಆಸಿಡ್. ಕುದಿಸಿ ಬಾಟಲಿಗೆ ಬಿಸಿಯಾಗಿದ್ದಾಗಲೇ ಹುಯ್ಯಬೇಕು. ಆರಿದ ಮೇಲೆ ಮೇಲೆ ಸ್ವಲ್ಪ ಯೀಸ್ಟ್, ಬಾಯಿಗೆ ಹತ್ತಿಯ ಬಿರಡೆ. ಲ್ಯಾಬಿನ ತುಂಬ ಕೇಸರಿಬಾತಿಗೆ ಇಟ್ಟ ಪಾಕದ ವಾಸನೆ ಬರುತ್ತದೆ. ಇದಕ್ಕೆ ವಿದೇಶದಿಂದ ತರಿಸುವ ಕಿಟ್ ಬೇಕಿಲ್ಲ, ಒಂದು ಸ್ಟವ್ ಸಾಕು.

ಈಗ ಪ್ರಯೋಗ. ರೆಕ್ಕೆ ಮುರುಟಿದ ಹೆಣ್ಣು ನೊಣ ಒಂದು ಕಡೆ, ಸರಿಯಾದ ರೆಕ್ಕೆಯ ಗಂಡು ಇನ್ನೊಂದು ಕಡೆ. ಹೆಣ್ಣು ಗಂಡನ್ನು ಸೇರಿರಬಾರದು. ಗೂಡಿನಿಂದ ಹೊರಬಂದ ಮೇಲೆ ಸುಮಾರು 8 ಗಂಟೆಯ ಒಳಗೆ ಅದನ್ನು ಬೇರೆ ಮಾಡಿಬಿಡಬೇಕು, ತಡವಾದರೆ ನಂಬುವ ಹಾಗಿಲ್ಲ. ಹಾಗಾಗಿ ಬೆಳಿಗ್ಗೆ ಬಂದು ಬಾಟಲಿಯಲ್ಲಿರುವ ದೊಡ್ಡ ನೊಣಗಳನ್ನೆಲ್ಲ ಹೊರಹಾಕಿ, ಸಂಜೆ ಒಳಗೆ ಮತ್ತೆ ಬಂದು ಹೊಸದಾಗಿ ಹುಟ್ಟಿದವನ್ನು ಆರಿಸಬೇಕು. ಈಥರ್ ಕೊಟ್ಟು ಮಲಗಿಸಬೇಕು. ಈಥರ್ ಜಾಸ್ತಿಯಾದರೆ ರೆಕ್ಕೆ ಎರಡೂ ಮೇಲಕ್ಕೆ ನಿಂತುಬಿಡುತ್ತವೆ, ಅದು ಸತ್ತಿದೆ ಅಂತ ಅರ್ಥ. ಕಡಿಮೆಯಾದರೆ ಮೈಕ್ರೊಸ್ಕೋಪಿನ ಕೆಳಗಿಂದ ಎದ್ದು ಹಾರಿ ನಿಮ್ಮ ಮೂಗಿನ ಮೇಲೆ ಕೂರುತ್ತದೆ. ಮಲಗಿದ ನೊಣವನ್ನು ನೇರ ಊಟದ ಮೇಲೆ ಹಾಕಬಾರದು, ಅಂಟಿಕೊಂಡು ಸಾಯುತ್ತದೆ. ಬಾಟಲಿಯನ್ನು ಅಡ್ಡ ಮಲಗಿಸಿ ಗಾಜಿನ ಗೋಡೆಯ ಮೇಲೆ ಇಟ್ಟು, ಎಚ್ಚರವಾದ ಮೇಲೆ ಬಾಟಲಿ ನಿಲ್ಲಿಸಬೇಕು. ಇವೆಲ್ಲ ಪುಸ್ತಕದಲ್ಲಿ ಒಂದು ಸಾಲು ಇದ್ದರೂ ಇರಬಹುದು, ಆದರೆ ಕೈಗೆ ಬರುವುದು ನಾಲ್ಕು ನೊಣ ಸಾಯಿಸಿದ ಮೇಲೇ.

ಮೊಟ್ಟೆಯಿಂದ ನೊಣ ಆಗಲು 25 ಡಿಗ್ರಿಯಲ್ಲಿ ಸುಮಾರು 10 ದಿನ. ಮೊದಲ ಪೀಳಿಗೆಯಲ್ಲಿ ಎಲ್ಲಕ್ಕೂ ರೆಕ್ಕೆ ಸರಿಯಾಗಿರುತ್ತದೆ. ಅವುಗಳನ್ನೇ ಒಳಗೊಳಗೆ ಬಿಟ್ಟು ಎರಡನೇ ಪೀಳಿಗೆಗೆ ಕಾದರೆ ಮುರುಟಿದ ರೆಕ್ಕೆ ಮತ್ತೆ ಕಾಣಿಸುತ್ತದೆ, ಹತ್ತಿರ ಹತ್ತಿರ ಸರಿ ರೆಕ್ಕೆಯ ಮೂರಕ್ಕೆ ಮುರುಟಿದ್ದು ಒಂದರಂತೆ. ಎಣಿಸಬೇಕು. ನೂರಾರು ನೊಣವನ್ನು ಕುಂಚದ ತುದಿಯಿಂದ ಆ ಕಡೆ ಈ ಕಡೆ ತಳ್ಳುತ್ತಾ ಎಣಿಸಬೇಕು. ಆಮೇಲೆ ಕೈ-ಸ್ಕ್ವೇರ್ ಅನ್ನುವ ಸಂಖ್ಯಾಶಾಸ್ತ್ರದ ಪರೀಕ್ಷೆ ಹಾಕಿ, ನನಗೆ ಬಂದ ಲೆಕ್ಕ ಮೂರಕ್ಕೊಂದರಿಂದ ಎಷ್ಟು ದೂರ ಇದೆ, ಅಷ್ಟು ದೂರ ಸುಮ್ನೆ ಅದೃಷ್ಟದಿಂದ ಆಗಬಹುದಾ ಅಂತ ನೋಡಬೇಕು. ಒಂದು ತಿಂಗಳ ಕೆಲಸ. ಆದರೆ ಒಂದು ತಿಂಗಳು ಕಳೆದ ಮೇಲೆ ಅದನ್ನು ಮಾಡಿದ ಹುಡುಗಿಗೆ, ಅನುವಂಶಿಕತೆಯ ನಿಯಮ ಕಂಡುಹಿಡಿದ ಮೆಂಡಲ್ ಬಗ್ಗೆ ಯಾರೂ ಏನೂ ಹೇಳಿಕೊಡಬೇಕಿಲ್ಲ.

ಎಷ್ಟೋ ಕಡೆ ಏನಾಗುತ್ತದೆ ಗೊತ್ತಾ? ನೊಣವೇ ಇರಲ್ಲ. ಬೋರ್ಡಿನ ಮೇಲೆ ಒಂದು ಟೇಬಲ್ ಬರೆಯುತ್ತಾರೆ, ಮಕ್ಕಳು ರೆಕಾರ್ಡಿಗೆ ಇಳಿಸಿಕೊಳ್ಳುತ್ತಾರೆ. ಇಡೀ ಕ್ಲಾಸಿನ ರೆಕಾರ್ಡಿನಲ್ಲಿ 75 ಮತ್ತು 25. ಯಾರ ನೊಣವೂ ಹಾಗೆ ಲೆಕ್ಕ ಹಾಕಿಕೊಂಡು ಹುಟ್ಟುವುದಿಲ್ಲ. ಈ ರೋಗ ಇವತ್ತಿನದಲ್ಲ ಬಿಡಿ. 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್ ಖುದ್ದು ಮೆಂಡಲ್‌ನ ಬಟಾಣಿ ಲೆಕ್ಕಗಳನ್ನೇ ಮತ್ತೆ ತೆಗೆದು ನೋಡಿ, ಇವು ನಂಬಲು ಆಗದಷ್ಟು ಸರಿಯಾಗಿ ಕೂತಿವೆಯಲ್ಲ ಅಂತ ಅನುಮಾನ ಎತ್ತಿದರು. ಆ ಜಗಳ ಇನ್ನೂ ಮುಗಿದಿಲ್ಲ. ನಾನು ಮಾತ್ರ ರೆಕಾರ್ಡ್ ತಿದ್ದುವಾಗ ಸೊಟ್ಟ ಲೆಕ್ಕ ಬರೆದವರಿಗೇ ಹೆಚ್ಚು ಮಾರ್ಕ್ಸ್ ಕೊಡುತ್ತಿದ್ದೆ.

ಡಿಗ್ರಿ ಮಕ್ಕಳು ಏನು ಮಾಡಿಯಾರು ಅನ್ನುವವರಿಗೆ ಇನ್ನೊಂದು ಸಂಗತಿ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಇದೇ ನೊಣ ಸಾಕಿಕೊಂಡು ಕೂತಿದ್ದರು. 1910ರಲ್ಲಿ ಅವರಿಗೆ ಬಿಳಿ ಕಣ್ಣಿನ ನೊಣ ಸಿಕ್ಕಿತು. ಅವರ ಲ್ಯಾಬಿನಲ್ಲಿ ಆಲ್ಫ್ರೆಡ್ ಸ್ಟರ್ಟೆವಂಟ್ ಅಂತ ಒಬ್ಬ ಹುಡುಗ, ಇನ್ನೂ ಡಿಗ್ರಿ ಓದುತ್ತಿದ್ದವನು. 1911ರಲ್ಲಿ ಒಂದು ರಾತ್ರಿ ಕಾಲೇಜಿನ ಹೋಮ್‌ವರ್ಕ್ ಬದಿಗಿಟ್ಟು, ಲ್ಯಾಬಿನ ಲೆಕ್ಕಗಳನ್ನು ಮನೆಗೆ ಒಯ್ದು, ಕ್ರೋಮೊಸೋಮಿನ ಮೇಲೆ ಯಾವ ಜೀನು ಎಲ್ಲಿ ಕೂತಿದೆ ಅಂತ ಜಗತ್ತಿನ ಮೊದಲ ನಕ್ಷೆ ಬರೆದ. 1913ರಲ್ಲಿ ಅದು ಪ್ರಕಟವಾಯಿತು. ಅವನ ಹತ್ತಿರ ಇದ್ದದ್ದು ನೊಣ, ಬಾಟಲಿ, ಕಾಗದ. ಹೋಮ್‌ವರ್ಕ್ ಬಿಡಿ ಅಂತ ನಾನು ಹೇಳಿದೆ ಅಂತ ಮನೆಯಲ್ಲಿ ಹೇಳಬೇಡಿ.

ಪ್ರಾಣಿ ಕೊಯ್ಯುವ ಬಗ್ಗೆ ಅಮ್ಮಂದಿರು ಕೇಳುತ್ತಾರೆ. ನಮ್ಮ ಕಾಲದಲ್ಲಿ ಕಪ್ಪೆ, ಎರೆಹುಳು, ಜಿರಲೆ ಕೊಯ್ಯದೆ ಝೂಆಲಜಿ ಪಾಸಾಗುತ್ತಿರಲಿಲ್ಲ. ಯುಜಿಸಿ, ಅಂದರೆ ವಿಶ್ವವಿದ್ಯಾನಿಲಯ ಅನುದಾನ ಆಯೋಗ, 2011ರಲ್ಲಿ ಅದನ್ನು ಹಂತ ಹಂತವಾಗಿ ಕಡಿಮೆ ಮಾಡಿ ಅಂದಿತು, 2014ರಲ್ಲಿ ಪೂರ್ತಿ ನಿಲ್ಲಿಸಿ ಅಂದಿತು. ಹಾಗಾಗಿ ಮನೆದೇವರ ಹೆಸರು ಹೇಳಿ ಝೂಆಲಜಿ ಬೇಡ ಅನ್ನುವವರು ಧೈರ್ಯವಾಗಿ ಸೇರಬಹುದು. ಕಪ್ಪೆ ಉಳಿದದ್ದು ನನಗೆ ಸಂತೋಷವೇ. ನನ್ನ ತಕರಾರು ಬೇರೆ. ಕಪ್ಪೆ ಹೋದ ಜಾಗಕ್ಕೆ ಚಾರ್ಟ್ ಬಂದು ಕೂತಿತು, ಮಕ್ಕಳ ಕೈಗೆ ಕೆಲಸವೇ ಇಲ್ಲದಂತಾಯಿತು. ಕೆರೆಯ ನೀರು ಒಂದು ಬಕೆಟ್ ತಂದರೆ ಇಡೀ ಸೆಮಿಸ್ಟರ್ ನೋಡುವಷ್ಟು ಜೀವ ಇರುತ್ತದೆ. ಮೀನಂಗಡಿಯಲ್ಲಿ ಎಸೆಯುವ ಹುರುಪೆಯನ್ನು ತೊಳೆದು ಸ್ಲೈಡ್ ಮಾಡಿದರೆ ಮರದ ಕಾಂಡದಂತೆ ಸುತ್ತು ಸುತ್ತು ಗೆರೆ ಕಾಣುತ್ತದೆ. ಇಂಥದ್ದು ಮಾಡಿಸುವ ಮೇಷ್ಟ್ರು ಇದ್ದಾರಾ ಅಂತ ನೋಡಿ.

ನಿಮ್ಮ ಊರಿನದೇ ಒಂದು ಉದಾಹರಣೆ ಕೊಡುತ್ತೇನೆ. ಇಲ್ಲಿ ಹೊಗೆಸೊಪ್ಪು ಬೆಳೆಯುವವರ ಮನೆ ಮಕ್ಕಳು ಎಷ್ಟು ಜನ ಇದ್ದೀರಿ? ಕೈ ಎತ್ತಿ. ನೋಡಿ, ಮುಕ್ಕಾಲು ಹಾಲ್. ಸಸಿಮಡಿಯಲ್ಲಿ ಕೆಲವು ಸಸಿ ಏಳುವುದೇ ಇಲ್ಲ, ಹಳದಿಯಾಗಿ ಕುಗ್ಗಿ ಕೂತಿರುತ್ತವೆ. ಕಿತ್ತು ನೋಡಿದರೆ ಬೇರಿನ ತುಂಬ ಗಂಟು. ಅಪ್ಪ ಅದನ್ನು ಕಿತ್ತು ಬದುವಿನಾಚೆ ಎಸೆಯುತ್ತಾರೆ, ಔಷಧಿ ಅಂಗಡಿಗೆ ಹೋಗುತ್ತಾರೆ. ಆ ಬೇರನ್ನು ನಿಧಾನವಾಗಿ ನೀರಿನಲ್ಲಿ ತೊಳೆದು, ಲ್ಯಾಬಿಗೆ ತಂದು, ಸೂಜಿಯಿಂದ ಒಂದು ಗಂಟು ಬಿಡಿಸಿ ಮೈಕ್ರೊಸ್ಕೋಪಿನ ಕೆಳಗೆ ಇಟ್ಟರೆ ಒಳಗಿಂದ ಮುತ್ತಿನ ಬಣ್ಣದ, ಪೇರು ಹಣ್ಣಿನ ಆಕಾರದ ಒಂದು ಹುಳು ಜಾರಿ ಬರುತ್ತದೆ. ಗುಂಡುಸೂಜಿಯ ತಲೆಗಿಂತ ಸಣ್ಣದು. ಅದು ಹೆಣ್ಣು ಜಂತು, ಹಿಂದೆ ಲೋಳೆಯ ಚೀಲದಲ್ಲಿ ನೂರಾರು ಮೊಟ್ಟೆ. ಗಿಡದ ಜೀವಕೋಶಗಳನ್ನು ತನಗೆ ಬೇಕಾದ ಹಾಗೆ ದೊಡ್ಡದು ಮಾಡಿಸಿಕೊಂಡು, ಅಲ್ಲೇ ಬಾಯಿಟ್ಟು ಕೂತುಬಿಟ್ಟಿರುತ್ತದೆ, ಆಮೇಲೆ ಜಾಗ ಬಿಟ್ಟು ಕದಲುವುದೇ ಇಲ್ಲ. ಟೊಮ್ಯಾಟೊ, ಬೆಂಡೆ, ಬದನೆ ಬೇರಿನಲ್ಲೂ ಇದೇ ಸಿಗುತ್ತದೆ.

ಈಗ ಹೇಳಿ, ಇದು ಬಾಟನಿಯಾ, ಝೂಆಲಜಿಯಾ? ಬೇರು ಬಾಟನಿ ಸಿಲಬಸ್‌ನಲ್ಲಿದೆ, ಜಂತು ಝೂಆಲಜಿ ಸಿಲಬಸ್‌ನಲ್ಲಿದೆ, ಎರಡು ಸ್ಟಾಫ್‌ರೂಮು, ಎರಡು ರೆಕಾರ್ಡು. ಹೊಲದಲ್ಲಿ ಮಾತ್ರ ಒಂದೇ ಗಂಟು. ಕೆಮಿಸ್ಟ್ರಿ ಗೊತ್ತಿಲ್ಲದಿದ್ದರೆ ಅಂಗಡಿಯವನು ಕೊಟ್ಟ ಔಷಧಿ ಏನು ಮಾಡುತ್ತದೆ ಅಂತ ಗೊತ್ತಾಗಲ್ಲ. ಸಿಬಿಝಡ್ ಹಳೇ ಕಾಂಬಿನೇಷನ್ ಅಂತ ಮೂಗು ಮುರಿಯುವವರಿಗೆ ನಾನು ಈ ಬೇರು ತೋರಿಸುತ್ತೇನೆ. ನಿಮ್ಮ ಊರಿನಲ್ಲೇ, ಹಿಂದೆ ಕೇಂದ್ರ ತಂಬಾಕು ಸಂಶೋಧನಾ ಸಂಸ್ಥೆ ಅಂತಿದ್ದ ಸಂಸ್ಥೆಯ ಸಂಶೋಧನಾ ಕೇಂದ್ರ ಇದೆ. ಎಷ್ಟು ಜನ ಒಳಗೆ ಹೋಗಿದ್ದೀರಿ? ಕಾಲೇಜಿನಿಂದ ಒಂದು ಪತ್ರ ತಗೊಂಡು ಹೋಗಿ ಕೇಳಿ.

ಬಯೋಟೆಕ್ ಬಗ್ಗೆ ನಾನು ಹೊಟ್ಟೆಕಿಚ್ಚಿನಿಂದ ಮಾತಾಡುತ್ತಿದ್ದೇನೆ ಅಂತ ಅಂದುಕೊಳ್ಳಬೇಡಿ. ಒಳ್ಳೆಯ ಬಯೋಟೆಕ್ ವಿಭಾಗ ಇರುವ ಕಾಲೇಜು ಇವೆ. ಅಲ್ಲಿ ಮಕ್ಕಳು ತಮ್ಮ ಕೈಯಾರೆ ಡಿಎನ್ಎ ತೆಗೆದು, ಜೆಲ್ ಓಡಿಸಿ, ಅಂಗಾಂಶ ಕೃಷಿಯಲ್ಲಿ ಬಾಳೆ ಸಸಿ ಮಾಡುತ್ತಾರೆ. ಆದರೆ ಡಿಎನ್ಎಯ ಪ್ರತಿಗಳನ್ನು ಮಾಡುವ ಪಿಸಿಆರ್ ಯಂತ್ರಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿ ಬೀರುವಿನಲ್ಲಿ ಬೀಗ ಹಾಕಿಟ್ಟಿರುವುದನ್ನೂ ನಾನು ನೋಡಿದ್ದೇನೆ. ಪರಿಶೀಲನಾ ಸಮಿತಿ ಬಂದ ದಿನ ಹೊದಿಕೆ ತೆಗೆಯುತ್ತಾರೆ, ಹೋದ ಮೇಲೆ ಮತ್ತೆ ಹಾಕುತ್ತಾರೆ. ಕೆಮಿಕಲ್ ದುಬಾರಿ, ಕರೆಂಟ್ ಹೋಗುತ್ತದೆ, ನಡೆಸುವವರಿಲ್ಲ, ಕಾರಣ ಎಲ್ಲ ನಿಜವೇ. ಅಂಥ ಕಡೆ ಬಯೋಟೆಕ್ ಓದಿದವರಿಗೆ ಪಿಸಿಆರ್ ಬಗ್ಗೆ 10 ಅಂಕದ ಉತ್ತರ ಬರುತ್ತದೆ, ಪಿಪೆಟ್ ಹಿಡಿಯಲು ಬರಲ್ಲ. ಇಂಟರ್ವ್ಯೂನಲ್ಲಿ ಕೇಳುವುದು ಪಿಪೆಟ್ ಬಗ್ಗೆ.

ಅದಕ್ಕೇ ಅಡ್ಮಿಷನ್‌ಗೆ ಮೊದಲು ಒಂದು ದಿನ ಕಾಲೇಜಿಗೆ ಹೋಗಿ ಬನ್ನಿ. ಬಣ್ಣದ ಕರಪತ್ರ ಮನೆಯಲ್ಲಿಡಿ. ಲ್ಯಾಬ್ ನೋಡಬಹುದಾ ಅಂತ ಕೇಳಿ, ಬೇಡ ಅಂದರೆ ಅದೇ ಉತ್ತರ ಅಂದುಕೊಳ್ಳಿ. ಮೈಕ್ರೊಸ್ಕೋಪ್ ಎಷ್ಟಿವೆ, ಒಂದಕ್ಕೆ ಎಷ್ಟು ಜನ? ಮಕ್ಕಳು ಮುಟ್ಟುತ್ತಾರಾ, ಇಲ್ಲಾ ಮೇಷ್ಟ್ರು ಫೋಕಸ್ ಮಾಡಿ ಸಾಲಾಗಿ ಬಂದು ಇಣುಕಿ ಅನ್ನುತ್ತಾರಾ? ಸಿಂಕಿನಲ್ಲಿ ನೀರು ಬರುತ್ತಾ? ಇದು ತಮಾಷೆ ಅಲ್ಲ, ನೀರಿಲ್ಲದ ಬಯಾಲಜಿ ಲ್ಯಾಬ್ ಸಾಕಷ್ಟು ಇವೆ. ಲ್ಯಾಬ್ ಅಟೆಂಡರ್ ಸಿಕ್ಕಿದರೆ ಅವರ ಹತ್ತಿರ ಐದು ನಿಮಿಷ ಮಾತಾಡಿ. ಯಾವ ಪ್ರಯೋಗ ನಿಜವಾಗಿ ನಡೆಯುತ್ತದೆ, ಯಾವುದು ರೆಕಾರ್ಡಿನಲ್ಲಿ ಮಾತ್ರ ನಡೆಯುತ್ತದೆ ಅಂತ ಪ್ರಿನ್ಸಿಪಾಲರಿಗಿಂತ ಚೆನ್ನಾಗಿ ಅವರಿಗೆ ಗೊತ್ತಿರುತ್ತದೆ. ಸೀನಿಯರ್ಸ್ ರೆಕಾರ್ಡ್ ಇಸ್ಕೊಂಡು ನೋಡಿ. ಎಲ್ಲರ ಚಿತ್ರವೂ ಒಂದೇ ಥರ ಇದ್ದರೆ ಯಾರೂ ಮೈಕ್ರೊಸ್ಕೋಪ್ ನೋಡಿಲ್ಲ.

ಸರ್ಕಾರಿ ಕಾಲೇಜುಗಳಲ್ಲಿ ಪಾಠದ ಬಹುಪಾಲು ಹೊರೆ ಹೊತ್ತಿರುವುದು ಅತಿಥಿ ಉಪನ್ಯಾಸಕರು. ಅವರಲ್ಲಿ ಒಳ್ಳೊಳ್ಳೆಯ ಮೇಷ್ಟ್ರುಗಳಿದ್ದಾರೆ, ಮುಂದಿನ ವರ್ಷ ಕೆಲಸ ಇರುತ್ತೋ ಇಲ್ಲವೋ ಗೊತ್ತಿಲ್ಲದೆ ಪಾಠ ಮಾಡುತ್ತಿದ್ದಾರೆ. ಸೆಮಿಸ್ಟರ್ ಶುರುವಾಗಿ ವಾರಗಟ್ಟಲೆ ಆದ ಮೇಲೆ ಅವರ ನೇಮಕದ ಆದೇಶ ಬಂದರೆ ಮೊದಲು ಕತ್ತರಿ ಬೀಳುವುದು ಪ್ರಾಕ್ಟಿಕಲ್‌ಗೆ. ಇದರಲ್ಲಿ ಅವರ ತಪ್ಪಿಲ್ಲ. ಆದರೆ ಪೆಟ್ಟು ಬೀಳುವುದು ನಿಮಗೆ.

ಇನ್ನು ಬೇರೆ ದಾರಿಗಳು. ಬಿಎಸ್ಸಿ ಅನ್ನುವ ಹೆಸರಿನ ಕೆಳಗೆ ಬೇರೆ ಬೇರೆ ಓದು ಇವೆ, ಗೊಂದಲ ಬೇಡ. ಬಿಎಸ್ಸಿ ಅಗ್ರಿ, ಫಾರೆಸ್ಟ್ರಿ, ರೇಷ್ಮೆ, ಮೀನುಗಾರಿಕೆಯ ಬಿಎಫ್‌ಎಸ್ಸಿ, ಇವೆಲ್ಲ ನಾಲ್ಕು ವರ್ಷದವು, ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಸಿಇಟಿ ಮೂಲಕ ಹೋಗಬೇಕು. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರದ್ದು, ದೇಶದಲ್ಲೇ ಮೊದಲನೆಯದು. ಅರಣ್ಯ ಕಾಲೇಜು ಶಿರಸಿಯಲ್ಲಿದೆ, ನಿಮಗೆ ಹತ್ತಿರ ಅಂದರೆ ಪೊನ್ನಂಪೇಟೆಯಲ್ಲಿದೆ. ಮೇಷ್ಟ್ರಾಗಬೇಕು ಅಂತ ಈಗಲೇ ನಿರ್ಧಾರ ಮಾಡಿದವರಿಗೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ, ಅಲ್ಲಿ ನಾಲ್ಕು ವರ್ಷದಲ್ಲಿ ಬಿಎಸ್ಸಿ, ಬಿಎಡ್ ಎರಡೂ ಒಟ್ಟಿಗೆ ಮುಗಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ನಾವು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುತ್ತೇವಲ್ಲ, ಅಲ್ಲಿ 2011ರಿಂದ ನಾಲ್ಕು ವರ್ಷದ ವಿಜ್ಞಾನ ಪದವಿ ಶುರುವಾಗಿದೆ. ಅಲ್ಲಿಯ ಒಂದು ನಿಯಮ ನನಗೆ ತುಂಬಾ ಇಷ್ಟ. ಬಯಾಲಜಿ ಮಾಡಬೇಕು ಅಂತ ಬಂದವರೂ ಮೊದಲ ಕೆಲವು ಸೆಮಿಸ್ಟರ್ ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ ಎಲ್ಲ ಓದಲೇಬೇಕು. ಫಿಸಿಕ್ಸ್ ಮಾಡಲು ಬಂದವರೂ ಬಯಾಲಜಿ ಓದಲೇಬೇಕು. ಗಣಿತಕ್ಕೆ ಹೆದರಿ ಬಯಾಲಜಿಗೆ ಓಡಿ ಬಂದವರು ಇಲ್ಲಿ ಯಾರಾದರೂ ಇದ್ದೀರಾ? ನಗಬೇಡಿ, ಮುಂದೆ ಕೈ-ಸ್ಕ್ವೇರ್ ಕಾದು ಕೂತಿದೆ. ಐಸರ್ ಅನ್ನುವ ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ ಸಂಶೋಧನಾ ಸಂಸ್ಥೆಗಳು ಏಳಿವೆ, ಪುಣೆ, ತಿರುವನಂತಪುರ, ತಿರುಪತಿ ನಮಗೆ ಹತ್ತಿರದವು, ಐದು ವರ್ಷದ ಬಿಎಸ್-ಎಂಎಸ್. ಪ್ರವೇಶ ಪರೀಕ್ಷೆ ಕಷ್ಟ, ಆದರೆ ನೀಟ್‌ಗೆ ಓದಿದವರಿಗೆ ಬಯಾಲಜಿ ಭಾಗ ಹೊಸದೇನಲ್ಲ.

ಕೆಲಸದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಹಿಂದಿನ ಸಾಲಿನಲ್ಲಿರುವ ಯಜಮಾನರು ಅದನ್ನೇ ಕೇಳಬೇಕು ಅಂತ ಆಗಿಂದ ಎರಡು ಸಲ ಎದ್ದು ಕೂತರು. ಬರೀ ಬಿಎಸ್ಸಿಯಿಂದ ದೊಡ್ಡ ಸಂಬಳ ಬರುತ್ತದೆ ಅಂತ ನಾನು ಸುಳ್ಳು ಹೇಳಲ್ಲ. ಔಷಧಿ ಕಂಪನಿ, ಆಹಾರದ ಗುಣಮಟ್ಟ ಪರೀಕ್ಷೆ, ಬೀಜದ ಕಂಪನಿ, ನರ್ಸರಿ, ಇಂಥ ಕಡೆ ಶುರುವಿನ ಕೆಲಸ ಸಿಗುತ್ತದೆ, ಸಂಬಳ ಕಡಿಮೆ. ನಮ್ಮ ರಾಜ್ಯದ ಸರ್ಕಾರಿ ಹೈಸ್ಕೂಲುಗಳಲ್ಲಿ ವಿಜ್ಞಾನದ ಮೇಷ್ಟ್ರ ಹುದ್ದೆ ಎರಡು ಥರ, ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ಮತ್ತು ಸಿಬಿಝಡ್. ಅದಕ್ಕೆ ಬಿಎಡ್ ಬೇಕು. ಆ ದಾರಿ ಮನಸ್ಸಿನಲ್ಲಿದ್ದರೆ ಕಾಂಬಿನೇಷನ್ ಆರಿಸುವ ಮೊದಲೇ ಹಳೆಯ ನೇಮಕಾತಿ ಅಧಿಸೂಚನೆ ತೆಗೆದು ಯಾವ ವಿಷಯ ಕೇಳಿದ್ದಾರೆ ಅಂತ ಓದಿಕೊಳ್ಳಿ. ಇಲ್ಲಿ ಮಾತ್ರ ಹೆಸರು ನೋಡಲೇಬೇಕು, ಅರ್ಜಿ ಹಾಕುವ ದಿನ ಲ್ಯಾಬ್ ಚೆನ್ನಾಗಿತ್ತು ಅಂದರೆ ಯಾರೂ ಕೇಳಲ್ಲ. ಯುಪಿಎಸ್ಸಿಯ ಭಾರತೀಯ ಅರಣ್ಯ ಸೇವೆಗೆ ಬಾಟನಿ ಅಥವಾ ಝೂಆಲಜಿ ಓದಿದ ಪದವೀಧರರು ಬರೆಯಬಹುದು, ಇದು ತುಂಬಾ ಮಕ್ಕಳಿಗೆ ಗೊತ್ತೇ ಇರಲ್ಲ. ಸಂಶೋಧನೆಗೆ ಹೋಗುವವರಿಗೆ ಎಂಎಸ್ಸಿ, ಆಮೇಲೆ ನೆಟ್ ಅನ್ನುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ. ಇಲ್ಲವೇ ಬಿಎಸ್ಸಿ ಆದ ಮೇಲೆ ನೇರ ಇಂಟಿಗ್ರೇಟೆಡ್ ಪಿಎಚ್‌ಡಿ ಇದೆ, ಬೆಂಗಳೂರಿನಲ್ಲೇ ಜೀವವಿಜ್ಞಾನದ ರಾಷ್ಟ್ರೀಯ ಕೇಂದ್ರವಾದ ಎನ್‌ಸಿಬಿಎಸ್, ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರ ಎರಡರಲ್ಲೂ ಇದೆ. ಸ್ಟೈಪೆಂಡ್ ಕೊಟ್ಟು ಓದಿಸುತ್ತಾರೆ. ಮನೆಯಿಂದ ದುಡ್ಡು ಹೋಗುವುದಿಲ್ಲ, ಯಜಮಾನರೇ.

ಡಿಗ್ರಿ ಓದುವಾಗಲೇ ರಜೆಯಲ್ಲಿ ದೊಡ್ಡ ಲ್ಯಾಬಿನಲ್ಲಿ ಕೆಲಸ ಮಾಡುವ ಅವಕಾಶವೂ ಇದೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆ ಫೆಲೋಶಿಪ್ ಕೊಡುತ್ತವೆ. ಅವುಗಳಲ್ಲಿ ಒಂದಾದ ಭಾರತೀಯ ವಿಜ್ಞಾನ ಅಕಾಡೆಮಿಯ ಕಚೇರಿ ಬೆಂಗಳೂರಿನಲ್ಲೇ ಇದೆ. ಸಣ್ಣ ಊರಿನ ಕಾಲೇಜಿನ ಮಕ್ಕಳು ಅರ್ಜಿಯನ್ನೇ ಹಾಕುವುದಿಲ್ಲ. ಅದರಲ್ಲಿ ನಿಮಗೆ ಏನು ಮಾಡಬೇಕು ಅನಿಸುತ್ತದೆ, ಯಾಕೆ ಅಂತ ಸ್ವಲ್ಪ ಬರೆಯಬೇಕು. ಆ ಜಂತುವಿನ ಬಗ್ಗೆ ಬರೆಯಿರಿ. ಕಾಪಿ ಹೊಡೆದ ವಾಕ್ಯಕ್ಕಿಂತ "ನಮ್ಮ ಸಸಿಮಡಿಯಲ್ಲಿ ಹೀಗಾಗುತ್ತದೆ, ಒಂದು ಬದಿಯಲ್ಲೇ ಜಾಸ್ತಿ ಆಗುತ್ತದೆ, ಯಾಕೆ ಅಂತ ಗೊತ್ತಿಲ್ಲ" ಅನ್ನುವುದು ನೂರು ಪಾಲು ಮೇಲು.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು, ಅದನ್ನೂ ಬರೆಯುತ್ತೇನೆ.

ಕನ್ನಡ ಮೀಡಿಯಂನಲ್ಲಿ ಓದಿದ ಹುಡುಗ ಒಬ್ಬ ಎದ್ದು, "ಸಾರ್, ಇಂಗ್ಲಿಷ್‌ನಲ್ಲಿ ಬರೆಯೋಕೆ ಆಗುತ್ತಾ ನಮಗೆ?" ಅಂದ. ಮೊದಲ ಸೆಮಿಸ್ಟರ್ ಕಷ್ಟ ಆಗುತ್ತದೆ, ಎರಡನೆಯದರಲ್ಲಿ ಕಡಿಮೆ ಆಗುತ್ತದೆ. ಬಯಾಲಜಿಯಲ್ಲಿ ಒಂದು ಅನುಕೂಲ ಇದೆ, ಅದು ಚಿತ್ರ. ಚೆನ್ನಾಗಿ ಚಿತ್ರ ಬರೆದು ಭಾಗಗಳನ್ನು ಸರಿಯಾಗಿ ಗುರುತಿಸಿದರೆ ಅರ್ಧ ಉತ್ತರ ಅಲ್ಲೇ ಮುಗಿಯುತ್ತದೆ. ಲ್ಯಾಬಿನಲ್ಲಿ ಕನ್ನಡದಲ್ಲೇ ಪ್ರಶ್ನೆ ಕೇಳು, ನಾಚಿಕೆ ಬೇಡ. ನೊಣಕ್ಕೆ ಇಂಗ್ಲಿಷ್ ಬರಲ್ಲ.

ಇನ್ನೊಬ್ಬಳು, ಇನ್ನೊಂದು ಸಲ ನೀಟ್ ಬರೀಬೇಕು, ಬಿಎಸ್ಸಿಗೆ ಸೇರಿಕೊಂಡು ಜೊತೆಗೆ ಓದಲಾ ಅಂತ ಕೇಳಿದಳು. ನಾನು ಬೇಡ ಅಂದೆ. ಬರೆಯುವುದಾದರೆ ಆ ಒಂದು ವರ್ಷ ಅದಕ್ಕೇ ಕೊಡು. ಎರಡೂ ಮಾಡುತ್ತೇನೆ ಅಂದವರು ಪ್ರಾಕ್ಟಿಕಲ್‌ಗೆ ಚಕ್ಕರ್ ಹೊಡೆಯುತ್ತಾರೆ, ಆಮೇಲೆ ನೀಟೂ ಇಲ್ಲ, ನೊಣವೂ ಇಲ್ಲ. ಅವಳ ಅಮ್ಮನಿಗೆ ನನ್ನ ಉತ್ತರ ಹಿಡಿಸಲಿಲ್ಲ ಅಂತ ಕಾಣುತ್ತದೆ, ಇರಲಿ.

ಕೊನೆಗೆ ಒಬ್ಬ ತಂದೆ. "ಸಾರ್, ಈ ಟೂರು ಗೀರು ಅಂತ ಆಗುಂಬೆ ಕಡೆ ಎಲ್ಲ ಕರ್ಕೊಂಡು ಹೋಗ್ತಾರಂತೆ. ಹೆಣ್ಣುಮಗು, ಕಳಿಸಬೇಕಾ?" ಕಳಿಸಬೇಕು. ಅದು ಓದಿನ ಭಾಗ, ಮೇಷ್ಟ್ರು ಮೇಡಂ ಇಬ್ಬರೂ ಜೊತೆಗಿರುತ್ತಾರೆ. ಬಯಾಲಜಿ ಕ್ಲಾಸಿನಲ್ಲಿ ಹೆಣ್ಣುಮಕ್ಕಳೇ ಜಾಸ್ತಿ, ಅವರೆಲ್ಲ ಮನೆಯಲ್ಲಿ ಉಳಿದರೆ ಬಸ್ಸೇ ಹೊರಡಲ್ಲ. ಮಳೆಗಾಲದಲ್ಲಿ ಹೋದರೆ ಇಂಬಳದ ಕಾಟ ಇರುತ್ತದೆ, ಅದಕ್ಕೆ ಮಾತ್ರ ತಯಾರಿ ಬೇಕು. ಕಾಲ್ಚೀಲಕ್ಕೆ ಹೊಗೆಸೊಪ್ಪಿನ ಪುಡಿ ಚೆನ್ನಾಗಿ ಸವರಿಕೊಂಡು ಹೋಗಲಿ. ಅದನ್ನಂತೂ ನೀವು ಅಂಗಡಿಯಿಂದ ತರಬೇಕಿಲ್ಲ.